ಮಿಲ್ಲು ತಿಂದ ಕಿವಿಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗೋಂದಮ್ಮನಿಗೆ ಜಂಬ ಬಂದಿದೆ ಎಂದು ಗ್ರಂಥಾಲಯದಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ನನ್ನದು ಕೌಂಟರಿನ ಕೆಲಸ. ಪುಸ್ತಕ ಕೊಡುವುದು, ವಾಪಸು ತೆಗೆದುಕೊಳ್ಳುವುದು, ತಡ ಮಾಡಿದವರಿಗೆ ನಾಲ್ಕು ಮಾತು ಅನ್ನುವುದು. ದಿನವಿಡೀ ಬಾಯಿ ಆಡಿಸುವ ನನಗೆ, ಕರೆದಾಗ ಓಗೊಡದವರನ್ನು ಕಂಡರೆ ಮೈ ಉರಿಯುತ್ತದೆ. ಅವಳೋ ನೆಲಮಾಳಿಗೆಯ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತಿರುತ್ತಿದ್ದಳು. ಹರಿದ ಪುಸ್ತಕ ಹೊಲಿಯುವುದು, ಬೆನ್ನಿಗೆ ಬಟ್ಟೆ ಅಂಟಿಸುವುದು, ಹೊಸ ರಟ್ಟು ಹಾಕುವುದು ಅವಳ ಕೆಲಸ. ಹತ್ತು ಬೆರಳಿಗೂ ಸದಾ ಒಣಗಿದ ಗೋಂದು. ಆ ಅಡ್ಡಹೆಸರು ಇಟ್ಟವಳೂ ನಾನೇ.

ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಮೇಜಿನಲ್ಲಿ ಊಟದ ಡಬ್ಬಿ ಬಿಚ್ಚಿದ್ದೇವೆ. ನನ್ನ ಮಂಡಿನೋವು, ನನ್ನ ಗಂಡನ ಗೊರಕೆ, ನನ್ನ ಸೊಸೆಯ ಮೂಗಿನ ತುದಿಯ ಸಿಟ್ಟು ಎಲ್ಲವೂ ಅವಳಿಗೆ ಗೊತ್ತು. ನಾನು ಹೇಳುತ್ತಿದ್ದರೆ ಅವಳು ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ಇಷ್ಟು ಗಮನವಿಟ್ಟು ಕೇಳುವವರು ಲೋಕದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಉಬ್ಬಿಹೋಗಿದ್ದೆ. ಅವಳು ನನ್ನ ತುಟಿ ಓದುತ್ತಿದ್ದಳು ಎಂದು ಗೊತ್ತಾದದ್ದು ಮೊನ್ನೆ ಮೊನ್ನೆ. ಇಲ್ಲಿ ಹೇಳಹೊರಟಿರುವುದೆಲ್ಲ ಅವಳೇ ನನಗೆ ಹೇಳಿದ್ದು, ಎಲ್ಲ ಮುಗಿದ ಮೇಲೆ, ಅದೇ ಊಟದ ಮೇಜಿನಲ್ಲಿ. ಬರೆಯಲೇ ಎಂದು ಕೇಳಿದೆ. "ಬರೀರಿ. ಆದ್ರೆ ಹೆಸರು ಬೇಡ, ಗೋಂದಮ್ಮ ಅಂತಲೇ ಇರಲಿ" ಅಂದಳು.

ಅವಳದು ಮಿಲ್ಲಿನ ಮನೆ. ಅಜ್ಜ, ಅಪ್ಪ, ಸೋದರತ್ತೆ ಮೂವರೂ ಬಟ್ಟೆ ಮಿಲ್ಲಿನ ನೇಯುವ ವಿಭಾಗದಲ್ಲಿ ದುಡಿದವರು. ಸೊಸೆಯಾಗಿ ಬಂದ ಅಮ್ಮ ಕೂಡ ಅಲ್ಲೇ ಇಪ್ಪತ್ತೆರಡು ವರ್ಷ ನಿಂತು ಕೆಲಸ ಮಾಡಿದರು. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳುವುದಿಲ್ಲ. ಅದಕ್ಕೇ ಅಲ್ಲಿನವರು ದನಿಯಿಲ್ಲದೆ ಮಾತಾಡುವುದನ್ನು ಕಲಿತಿದ್ದರು. ಬಾಯಿಯನ್ನು ಅಗಲಿಸಿ ಒಂದೊಂದು ಅಕ್ಷರವನ್ನೂ ತುಟಿಯಲ್ಲೇ ತಿದ್ದಬೇಕು, ಜೊತೆಗೆ ಕೈ ಆಡಿಸಬೇಕು. ಮುಷ್ಟಿ ಬಿಚ್ಚಿ ಕೆಳಗೆ ಬಿಟ್ಟರೆ ಎಳೆ ತುಂಡಾಯಿತು ಎಂದು. ಎರಡು ಬೆರಳ ತುದಿ ಕೂಡಿಸಿ ಎಳೆದರೆ ಎಳೆ ಕೂಡಿಕೊಂಡಿತು, ಓಡುತ್ತಿದೆ ಎಂದು. ಭುಜ ತಟ್ಟಿಕೊಂಡರೆ ಮೇಸ್ತ್ರಿ ಬರುತ್ತಿದ್ದಾನೆ ಎಂದು. ಮನೆಗೆ ಬಂದ ಮೇಲೂ ಆ ಮಾತೇ ನಡೆಯುತ್ತಿತ್ತು, ಏಕೆಂದರೆ ಕೇಳುವ ಕಿವಿಗಳೇ ಮನೆಯಲ್ಲಿ ಕಡಿಮೆ ಇದ್ದವು. ಅಜ್ಜನಿಗೆ ನಲವತ್ತು ತುಂಬುವಷ್ಟರಲ್ಲಿ ಕಿವಿ ಹೋಯಿತು. ಸೋದರತ್ತೆಗೆ ಅದಕ್ಕೂ ಮೊದಲೇ. ಆಮೇಲೆ ಅಪ್ಪನಿಗೆ.

"ಮಿಲ್ಲು ಅನ್ನ ಕೊಡ್ತು, ಕಿವಿ ತಿಂತು" ಎನ್ನುವುದು ಆ ಮನೆಯ ಗಾದೆ. ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು, ಯುದ್ಧಕ್ಕೆ ಹೋಗಿ ಬಂದವನು ಗಾಯ ತೋರಿಸಿಕೊಳ್ಳುವ ಹಾಗೆ. ಅಮ್ಮನ ಕಿವಿಗೆ ಮಾತ್ರ ಏನೂ ಆಗಲಿಲ್ಲ. ಗೋಡೆಯಾಚೆ ಪಿಸುಗುಟ್ಟಿದರೂ ಅವರಿಗೆ ಕೇಳುತ್ತದೆ. "ಇವಳದು ಕಬ್ಬಿಣದ ಕಿವಿ" ಎಂದು ಅಪ್ಪ ಛೇಡಿಸುತ್ತಿದ್ದರು, ಮನೆಯವರೆಲ್ಲ ನಗುತ್ತಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅದೇ ಮಿಲ್ಲು, ಅದೇ ಸದ್ದು, ಹೆಚ್ಚುಕಡಿಮೆ ಅಷ್ಟೇ ವರ್ಷ. ಕಿವಿ ಕಳೆದುಕೊಂಡವರೆಲ್ಲ ಒಂದೇ ರಕ್ತದವರು, ಉಳಿಸಿಕೊಂಡವರು ಹೊರಗಿನಿಂದ ಬಂದ ಸೊಸೆ. ಎಲ್ಲರೂ ನಕ್ಕರೇ ಹೊರತು ಒಬ್ಬರಾದರೂ ಯೋಚಿಸಲಿಲ್ಲ. ಮಿಲ್ಲಿನಲ್ಲಿ ಬೇರೆಯವರ ಕಿವಿಯೂ ಅಷ್ಟಿಷ್ಟು ಮಂದವಾಗಿತ್ತಂತೆ, ಹಾಗಾಗಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಗೋಂದಮ್ಮ ಮಿಲ್ಲಿಗೆ ಕಾಲಿಡಲಿಲ್ಲ. ಅವಳು ದೊಡ್ಡವಳಾಗುವಷ್ಟರಲ್ಲಿ ಅದು ಮುಚ್ಚಿತ್ತು. ಸದ್ದೇ ಇಲ್ಲದ ಕೆಲಸ ಹುಡುಕಿಕೊಂಡಳು. "ನಮ್ಮನೇಲಿ ಕಿವಿ ಉಳಿಸಿಕೊಂಡ ಮೊದಲನೇ ಮಗಳು" ಎಂದು ಅಪ್ಪನಿಗೆ ಅವಳ ಮೇಲೆ ಸಂತೋಷ.

ಒಂಬತ್ತು ವರ್ಷದ ಹಿಂದೆ, ಅವಳಿಗೆ ಇಪ್ಪತ್ತೈದು ನಡೆಯುತ್ತಿದ್ದಾಗ, ಗ್ರಂಥಾಲಯಕ್ಕೆ ಬರುತ್ತಿದ್ದ ಒಬ್ಬ ನರ್ಸ್ ಅವಳಿಗೆ ಪರಿಚಯವಾದಳು. ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಯವಳು. ಹೊಟ್ಟೆಯಲ್ಲಿ ಅಂಡಾಣು ಬೆಳೆಯದ ಹೆಂಗಸರಿದ್ದಾರೆ, ಆರೋಗ್ಯವಾಗಿರುವ ಹುಡುಗಿಯರು ತಮ್ಮದನ್ನು ಕೊಟ್ಟರೆ ಅವರ ಮಡಿಲು ತುಂಬುತ್ತದೆ, ಯಾರು ಕೊಟ್ಟರು ಯಾರು ತೆಗೆದುಕೊಂಡರು ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಇವಳು ವಾರವೆಲ್ಲ ಯೋಚಿಸಿ ಹೂಂ ಅಂದಳು. ಯಾಕೆ ಒಪ್ಪಿದೆ ಎಂದು ನಾನು ಕೇಳಿದಾಗ ಹೇಳಿದಳು. "ದುಡ್ಡಿಗೆ ಅಂದ್ರೂ ಸುಳ್ಳು, ಪುಣ್ಯಕ್ಕೆ ಅಂದ್ರೂ ಸುಳ್ಳು. ನನ್ನ ಹತ್ರ ಇರೋದು ಯಾವುದೋ ಒಂದು ಯಾರಿಗೋ ಬೇಕಾಗಿದೆ ಅಂತ ಮೊದಲನೇ ಸಲ ಅನ್ನಿಸ್ತು."

ಹನ್ನೊಂದು ದಿನ ಹೊಟ್ಟೆಗೆ ತಾನೇ ಸೂಜಿ ಚುಚ್ಚಿಕೊಂಡಳು. ಔಷಧಿ ತಣ್ಣಗಿರಬೇಕು. ಊಟದ ಚೀಲದಲ್ಲಿ ಮಂಜುಗಡ್ಡೆಯ ಪೊಟ್ಟಣ ಇಟ್ಟು ತರುತ್ತಿದ್ದಳು. "ಏನಮ್ಮ, ದಿನಾ ಐಸ್‌ಕ್ರೀಮಾ? ಒಬ್ಬಳೇ ತಿಂತೀಯಾ?" ಎಂದು ನಾನು ಕೇಳಿದ್ದು ನನಗೇ ನೆನಪಿದೆ. ಅವಳು ನಕ್ಕಿದ್ದಳು. ಹೊಟ್ಟೆ ಉಬ್ಬಿ ಲಂಗದ ದಾರ ಸಡಿಲ ಮಾಡಿಕೊಳ್ಳಬೇಕಾಯಿತಂತೆ. ಕೊನೆಯ ದಿನ ಮಂಪರಿನ ಔಷಧಿ ಕೊಟ್ಟು ಅಂಡಾಣು ತೆಗೆದರು. ಕಣ್ಣು ಬಿಟ್ಟಾಗ ಯಾರೋ "ಹದಿನಾಲ್ಕು" ಅಂದರು. ಎರಡು ಬಿಸ್ಕತ್ತು, ಒಂದು ಲೋಟ ಟೀ ಕೊಟ್ಟು, ಒಂದು ನಂಬರ್ ಬರೆದ ಚೀಟಿ ಕೈಗಿಟ್ಟು, ಜೋಪಾನ ಎಂದರು. ಬಸ್ಸಿನಲ್ಲಿ ಒಬ್ಬಳೇ ಮನೆಗೆ ಬಂದು, ಹೊಟ್ಟೆ ಕೆಟ್ಟಿದೆ ಎಂದು ಹೇಳಿ ಮಲಗಿದಳು. ಅಮ್ಮ ಬಿಸಿನೀರು ಕೊಟ್ಟು ಹಣೆ ಮುಟ್ಟಿ ನೋಡಿ ಹೋದರು. ಎರಡು ವಾರ ಕಳೆದ ಮೇಲೆ ಒಂದು ದಿನ ನೆಲಮಾಳಿಗೆಯಲ್ಲಿ ಗೋಂದು ಕಲಸುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಬಿಕ್ಕಿ ಬಿಕ್ಕಿ ಅತ್ತಳಂತೆ. ಏನನ್ನೂ ಕಳೆದುಕೊಂಡ ಹಾಗೆ ಅನ್ನಿಸಿರಲಿಲ್ಲ, ಯಾಕೆ ಅಳು ಬಂತೋ ಇವತ್ತಿಗೂ ಗೊತ್ತಿಲ್ಲ ಅನ್ನುತ್ತಾಳೆ. ಆಗ ನಾನು ಸರಿಯಾಗಿ ಅವಳ ತಲೆಯ ಮೇಲಿನ ಮಹಡಿಯಲ್ಲಿದ್ದೆ.

ಆಸ್ಪತ್ರೆಯವರು ಕೊಟ್ಟ ದುಡ್ಡಿನಲ್ಲಿ ಅಪ್ಪನಿಗೆ ಕಿವಿಯ ಯಂತ್ರ ತಂದಳು. ಅಪ್ಪ ಎರಡು ದಿನ ಹಾಕಿಕೊಂಡು, "ಬೀದಿ ಗಲಾಟೆಯೆಲ್ಲ ತಲೆಯೊಳಗೆ ಬಂದು ಕೂರುತ್ತೆ ಮಾರಾಯ್ತಿ" ಎಂದು ಡಬ್ಬಿಗೆ ಹಾಕಿಟ್ಟರು.

ಸೂಜಿಗೆ ಮೊದಲು ಒಂದು ಫಾರಂ ತುಂಬಿಸಿದ್ದರು. ಮನೆತನದಲ್ಲಿ ಯಾವ ಯಾವ ಕಾಯಿಲೆಗಳಿವೆ ಎಂದು ಉದ್ದನೆಯ ಪಟ್ಟಿ. ಕಿವುಡುತನ ಎನ್ನುವ ಸಾಲು ಬಂದಾಗ ಅವಳು ಮುಚ್ಚಿಡಲಿಲ್ಲ. "ಅಪ್ಪಂಗೆ ಕೇಳಲ್ಲ, ಅಜ್ಜಂಗೂ ಕೇಳ್ತಿರಲಿಲ್ಲ. ಆದ್ರೆ ಅದು ಮಿಲ್ಲಿಂದ ಆಗಿದ್ದು" ಅಂದಳು. "ಮಿಲ್ಲಿಂದ ಆಗಿದ್ರೆ ಅದು ಮನೆತನದ ಲೆಕ್ಕಕ್ಕೆ ಬರಲ್ಲ, ಇಲ್ಲ ಅಂತ ಹಾಕಿ" ಅಂದಳು ನರ್ಸ್. ಇವಳು ‘ಇಲ್ಲ’ ಎಂದು ದುಂಡಗೆ ಬರೆದಳು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಆಮೇಲಿನ ವರ್ಷಗಳ ಬಗ್ಗೆ ಹೇಳಲು ಅವಳಿಗೆ ಮಾತೇ ಸಿಗುತ್ತಿರಲಿಲ್ಲ. ನಮ್ಮಲ್ಲಿ ನೆಂಟಸ್ತಿಕೆಯ ಹೆಸರುಗಳಿಗೇನು ಬರ? ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ, ಅತ್ತಿಗೆ, ನಾದಿನಿ, ಓರಗಿತ್ತಿ, ಬೀಗಿತ್ತಿ. ಜಗಳ ಆಡುವುದಕ್ಕೆ ಬೇಕಾದಷ್ಟು ಹೆಸರಿವೆ. ಆದರೆ ಎಲ್ಲೋ ಒಂದು ಮಗು ಇದ್ದು, ಅದರ ಮೂಗೋ ಹುಬ್ಬೋ ಇವಳದಾಗಿದ್ದರೆ, ಅದಕ್ಕೆ ಇವಳು ಏನಾಗಬೇಕು? ಅವಳು ತಾಯಿ ಅಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು. ಹೆತ್ತವಳು, ಸಾಕಿದವಳು, ಎದ್ದು ಕೂತು ನೋಡಿಕೊಂಡವಳು ಬೇರೆ. ಆ ಮಗು ಇದೆಯೋ ಇಲ್ಲವೋ ಎನ್ನುವುದೇ ಗೊತ್ತಿಲ್ಲ. ‘ಇದ್ದರೆ ಈಗ ಹಲ್ಲು ಬರುತ್ತಿರುತ್ತದೆ’, ‘ಇದ್ದರೆ ಈಗ ಶಾಲೆಗೆ ಸೇರಿಸಿರುತ್ತಾರೆ’ ಎಂದು ಯೋಚಿಸಿ ಯೋಚಿಸಿ, ಮನಸ್ಸಿನಲ್ಲಿ ಆ ಮಗುವಿಗೆ ಅದೇ ಹೆಸರಾಗಿಬಿಟ್ಟಿತು: ಇದ್ದರೆ. ಅಣ್ಣನ ಎರಡು ಮಕ್ಕಳು "ಅತ್ತೇ" ಎಂದು ತೊಡೆಯೇರಿದಾಗ ಇದ್ದರೆಯ ತೂಕ ಎಷ್ಟಿರಬಹುದು ಎಂದುಕೊಳ್ಳುತ್ತಿದ್ದಳು. ಯಾರ ಹತ್ತಿರವೂ ಹೇಳಲಿಲ್ಲ. ಅತ್ತಿಗೆಗೆ ಹೇಳಿದರೆ ಡಂಗುರ ಹೊಡೆಸಿದ ಹಾಗೆ. ಅಮ್ಮ ಎದೆ ಒಡೆದುಕೊಳ್ಳುತ್ತಾರೆ ಎನ್ನುವ ಭಯ. ನನಗೆ ಹೇಳಬಹುದಿತ್ತು. ಆದರೆ ನಾನು ಯಾವಾಗ ಬಾಯಿ ಮುಚ್ಚಿದ್ದೆ, ಅವಳು ಬಾಯಿ ತೆರೆಯುವುದಕ್ಕೆ?

ಈ ವರ್ಷದ ಆರಂಭದಲ್ಲಿ ಗ್ರಂಥಾಲಯದಲ್ಲಿ ಬೆಂಕಿಯ ಅಣಕು ಕಸರತ್ತು ನಡೆಯಿತು. ಗಂಟೆ ಹೊಡೆದ ಕೂಡಲೇ ಎಲ್ಲರೂ ಹೊರಗೆ ಓಡಿ ರಸ್ತೆಯಲ್ಲಿ ನಿಲ್ಲಬೇಕು. ಎಲ್ಲರೂ ಬಂದರು, ಗೋಂದಮ್ಮ ಬರಲಿಲ್ಲ. ಕಾವಲುಗಾರ ಇಳಿದು ಹೋಗಿ ಭುಜ ಅಲುಗಿಸಿ ಕರೆತಂದ. ಅವಳ ಕೈಯಲ್ಲಿ ಬ್ರಷ್ ಹಾಗೇ ಇತ್ತು. "ಪ್ರಳಯ ಆದ್ರೂ ಇವಳಿಗೆ ಗೋಂದೇ ಮುಖ್ಯ" ಎಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅವಳು ಮಾರನೆಯ ದಿನ ರಜೆ ಹಾಕಿ ಕಿವಿ ಡಾಕ್ಟರ ಹತ್ತಿರ ಹೋದಳು.

ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರಂತೆ. ಬೆರಳು ಗುಂಡಿಯ ಮೇಲಿಟ್ಟುಕೊಂಡು ಕಾದಳು, ಕಾದಳು. ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದಾಗ ಪರೀಕ್ಷೆ ಮುಗಿಯಿತು ಎಂದು ಬಾಗಿಲು ತೆರೆದರು.

"ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?" ಎಂದು ಡಾಕ್ಟರು ಕೇಳಿದರು.

"ಅಪ್ಪ, ಅಜ್ಜ, ಅತ್ತೆ ಎಲ್ಲರಿಗೂ ಇತ್ತು ಡಾಕ್ಟ್ರೇ. ಆದ್ರೆ ಅವರದ್ದು ಮಿಲ್ಲು ತಿಂದಿದ್ದು."

"ನೀವು ಮಿಲ್ಲಲ್ಲಿ ಕೆಲಸ ಮಾಡಿದ್ದೀರಾ?"

"ಇಲ್ಲ. ನಾನು ಗ್ರಂಥಾಲಯದಲ್ಲಿರೋದು."

"ಮತ್ತೆ ನಿಮ್ಮ ಕಿವಿ ತಿಂದಿದ್ದು ಯಾರು?"

ಡಾಕ್ಟರು ಬಿಡಿಸಿ ಹೇಳಿದರು. ಇದು ರಕ್ತದಲ್ಲಿ ಬರುವುದು. ಹುಟ್ಟುವ ಪ್ರತಿ ಮಗುವಿಗೂ ಬರಬಹುದು, ಬರದೆಯೂ ಇರಬಹುದು, ಅರ್ಧಕ್ಕರ್ಧ. ಏಳೆಂಟು ವರ್ಷಕ್ಕೆಲ್ಲ ಸಣ್ಣ ದನಿಗಳು ಮೊದಲು ಹೋಗುತ್ತವೆ, ಮಗುವಿಗೇ ಗೊತ್ತಾಗುವುದಿಲ್ಲ. "ನೀವು ಶಾಲೆಯಲ್ಲಿ ಹೇಗಿದ್ರಿ?" ಎಂದು ಕೇಳಿದರು. ಅವಳಿಗೆ ಕೊನೆಯ ಬೆಂಚು ನೆನಪಾಯಿತು. ಎತ್ತರ ಇದ್ದಾಳೆ ಎಂದು ಅಲ್ಲಿ ಕೂರಿಸಿದ್ದರು. ಟೀಚರು ಹಲಗೆಯ ಕಡೆ ತಿರುಗಿ ಹೇಳಿದ್ದೊಂದೂ ತಲೆಗೆ ಹೋಗುತ್ತಿರಲಿಲ್ಲ. ದಡ್ಡಿ, ಕನಸು ಕಾಣುವವಳು, ಕೋಣನ ಮುಂದೆ ಕಿನ್ನರಿ ಎಂದೆಲ್ಲ ಅನ್ನಿಸಿಕೊಂಡಿದ್ದಳು. ಮನೆಯಲ್ಲಿ ಎಲ್ಲರೂ ಬಾಯಿ ಅಗಲಿಸಿ ಕೈಯಾಡಿಸಿ ಮಾತಾಡುವವರೇ ಆದ್ದರಿಂದ ಅಲ್ಲಿ ಅವಳು ಜಾಣೆ. ಮಿಲ್ಲಿನ ಮಾತು ಅವಳ ಕಿವಿಯನ್ನು ಅವಳಿಂದಲೇ ಬಚ್ಚಿಟ್ಟಿತ್ತು.

"ಚಿಕ್ಕಂದಿನಲ್ಲೇ ಗೊತ್ತಾದ್ರೆ ಏನಾದ್ರೂ ಮಾಡಬಹುದಾ?" ಎಂದು ಕೇಳಿದಳು.

"ಬೇಕಾದಷ್ಟು ಮಾಡಬಹುದು. ಕಿವಿ ಕೆಡಿಸೋ ಕೆಲವು ಔಷಧಿ ಕೊಡದೆ ಕಾಪಾಡಬಹುದು. ಚಿಕ್ಕ ಯಂತ್ರ ಹಾಕಬಹುದು. ಏನಿಲ್ಲ ಅಂದ್ರೂ ಮೊದಲನೇ ಬೆಂಚಿನಲ್ಲಿ ಕೂರಿಸಬಹುದಲ್ಲ? ದಡ್ಡ ಅನ್ನೋ ಹೆಸರು ತಪ್ಪುತ್ತೆ. ನಿಮಗೆ ಮಕ್ಕಳಿದ್ದಾರಾ?"

"ಇಲ್ಲ" ಅಂದಳು. ಅಂದ ಮೇಲೆ, ಇದೇ ಮಾತನ್ನು ಒಂಬತ್ತು ವರ್ಷದ ಹಿಂದೆ ದುಂಡಗೆ ಬರೆದುಕೊಟ್ಟದ್ದು ನೆನಪಾಯಿತು. ಇದ್ದರೆ, ಇದ್ದರೆಗೆ ಈಗ ಎಂಟು ವರ್ಷ. ಯಾವುದೋ ಶಾಲೆಯ ಕೊನೆಯ ಬೆಂಚಿನಲ್ಲಿ ಕೂತು ಬೈಸಿಕೊಳ್ಳುತ್ತಿರಬಹುದು. ಯಾಕೆ ಎಂದು ಗೊತ್ತಿರುವವಳು ಲೋಕದಲ್ಲಿ ಇವಳೊಬ್ಬಳೇ.

ಕಿವಿಯ ವಿಷಯ ಮನೆಯಲ್ಲಿ ಹೇಳಿದಳು. ಮೊದಲು ನಂಬಲು ತಯಾರಿಲ್ಲದ ಅಪ್ಪ, ಹೆಂಡತಿಯ ಕಡೆ ನೋಡಿ ಒಪ್ಪಿಕೊಂಡರು. ಅಷ್ಟು ದಿನದ ತಮಾಷೆ ಅವತ್ತಿಗೆ ಮುಗಿಯಿತು. ಅತ್ತಿಗೆ ಮಾತ್ರ ಒಂದು ನಿಮಿಷ ಕೂರಲಿಲ್ಲ. ಆ ವಾರವೇ ಮಕ್ಕಳಿಬ್ಬರನ್ನೂ ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ಸದ್ಯಕ್ಕೆ ಏನೂ ಇಲ್ಲ, ವರ್ಷಕ್ಕೊಮ್ಮೆ ತೋರಿಸಿ ಎಂದರು. "ಅಬ್ಬ, ನಮಗೆ ಮೊದಲೇ ಗೊತ್ತಾಯ್ತು. ಗೊತ್ತಾಗದೆ ಇರೋ ಮಕ್ಕಳ ಗತಿ ಏನು ಹೇಳು? ಹೆತ್ತವರಿಗೆ ಅಷ್ಟೂ ಗಮನ ಬೇಡ್ವಾ?" ಅಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಗೋಂದಮ್ಮ ತಟ್ಟೆ ಬಿಟ್ಟು ಎದ್ದಳು. ಈ ಮಕ್ಕಳಿಗೆ ಹೆಸರಿದೆ, ಕೈಹಿಡಿದು ಕರೆದೊಯ್ಯುವ ತಾಯಿ ಇದ್ದಾಳೆ. ಆ ಮಗುವಿಗೂ ಅಂಥ ತಾಯಿ ಇರಬಹುದು, ಆದರೆ ಅವಳಿಗೆ ಯಾರು ಹೇಳಬೇಕು?

ಆಸ್ಪತ್ರೆಗೆ ಹೋಗುವುದಾದರೆ ಆ ನಂಬರಿನ ಚೀಟಿ ಬೇಕು. ಮನೆಯಲ್ಲಿಟ್ಟರೆ ಅತ್ತಿಗೆಯ ಕಣ್ಣಿಗೆ ಬೀಳುತ್ತದೆಂದು ಅವಳು ಅದನ್ನು ಎಲ್ಲಿಟ್ಟಿದ್ದಳು ಗೊತ್ತೇ? ‘ಗಡಿಯಾರ ರಿಪೇರಿ, ಎರಡನೆಯ ಸಂಪುಟ’ ಎನ್ನುವ ದಪ್ಪ ಪುಸ್ತಕದ ರಟ್ಟಿನೊಳಗೆ. ಮೊದಲನೆಯ ಸಂಪುಟ ಕಳೆದುಹೋಗಿ ಇಪ್ಪತ್ತು ವರ್ಷವಾಗಿದೆ, ಹಾಗಾಗಿ ಎರಡನೆಯದನ್ನು ಯಾರೂ ಮುಟ್ಟುವುದಿಲ್ಲ. ರಟ್ಟಿಗೂ ಒಳಹಾಳೆಗೂ ನಡುವೆ ಚೀಟಿ ಇಟ್ಟು ಅಂಟಿಸಿಬಿಟ್ಟಿದ್ದಳು. ಅಷ್ಟು ನೀಟಾಗಿ ಅಂಟಿಸುವವರು ನಮ್ಮ ಊರಿನಲ್ಲಿ ಅವಳೊಬ್ಬಳೇ.

ಅವಳು ಅದನ್ನು ಕತ್ತರಿಸುತ್ತಿದ್ದ ದಿನ ನಾನು ಕೆಳಗಿಳಿದೆ. ಬಾಗಿಲಿನಿಂದ ಮೂರು ಸಲ ಕರೆದೆ. ಉತ್ತರವಿಲ್ಲ. ಹತ್ತಿರ ಹೋಗಿ ನೋಡಿದರೆ, ಗಟ್ಟಿಮುಟ್ಟಾದ ಪುಸ್ತಕದ ರಟ್ಟನ್ನು ಚಾಕುವಿನಿಂದ ಸೀಳುತ್ತಿದ್ದಾಳೆ. "ಚೆನ್ನಾಗಿರೋದನ್ನ ಯಾಕಮ್ಮ ಹರೀತಿದ್ದೀಯ?" ಎಂದು ಕಿರುಚಿದೆ. ಬೆಚ್ಚಿಬಿದ್ದು ತಿರುಗಿದಳು. ಕಣ್ಣು ಕೆಂಪಗಿದ್ದವು. "ಅಕ್ಕಾ, ನಿಮ್ಮ ಹತ್ರ ಒಂದು ಮಾತು..." ಎಂದು ಶುರು ಮಾಡಿದಳು.

"ಕರೆದ್ರೆ ತಿರುಗಿ ನೋಡೋಕೂ ಆಗದೆ ಇರೋರಿಗೆ ಈಗ ಅಕ್ಕ ನೆನಪಾದ್ಲಾ? ನಂಗೆ ಮೇಲೆ ಕೆಲಸ ಇದೆ" ಎಂದೆ ನಾನು. ಮೆಟ್ಟಿಲು ಹತ್ತಿಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಅವತ್ತು ಮೇಲೆ ಯಾವ ಕೆಲಸವೂ ಇರಲಿಲ್ಲ.

ಆಸ್ಪತ್ರೆಗೆ ಒಬ್ಬಳೇ ಹೋದಳು. ಕಾಯುವ ಕೋಣೆಯ ಒಂದು ಗೋಡೆಯ ತುಂಬ ಅಲ್ಲಿ ಹುಟ್ಟಿದ ಕೂಸುಗಳ ಫೋಟೋ. ಬೇಕೆಂದೇ ಆ ಗೋಡೆಗೆ ಬೆನ್ನು ಹಾಕಿ ಕೂತಳು. ನೋಡಿದರೆ ಹುಡುಕುತ್ತೇನೆ, ಹುಡುಕಿದರೆ ಎಲ್ಲದರಲ್ಲೂ ಕಾಣುತ್ತದೆ ಎಂದು ಹೆದರಿಕೆ. ಒಳಗೆ ಕರೆದ ಮೇಡಂ ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿದ್ದರು. ಏನು ಹೇಳುತ್ತಿದ್ದಾರೆಂದು ತಿಳಿಯಲೇ ಇಲ್ಲ. "ಮೇಡಂ, ಅದನ್ನ ಸ್ವಲ್ಪ ತೆಗೀತೀರಾ? ನನಗೆ ಬಾಯಿ ಕಾಣಬೇಕು" ಎಂದು ಕೇಳಿಕೊಂಡಳಂತೆ. ಕಿವುಡಿ ಎಂದು ತನ್ನ ಬಗ್ಗೆ ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಮೇಡಂ ಮಾಸ್ಕ್ ಇಳಿಸಿದರು. ವಯಸ್ಸಾದ ಮುಖ, ಒಳ್ಳೆಯ ಮುಖ.

ಎರಡು ಪುಟದ ಕಾಗದ ಬರೆದುಕೊಂಡು ಹೋಗಿದ್ದಳು, ಜೊತೆಗೆ ಡಾಕ್ಟರ ವರದಿ. ಕಾಗದದ ಕೊನೆಯ ಸಾಲು ಹೀಗಿತ್ತು: ‘ಮಗುವಿದ್ದರೆ, ಬೇರೆ ಏನು ಮಾಡಲಾಗದಿದ್ದರೂ ಶಾಲೆಯಲ್ಲಿ ಮೊದಲನೇ ಬೆಂಚಿನಲ್ಲಿ ಕೂರಿಸಲು ಹೇಳಿ.’ ಮೇಡಂ ಎರಡು ಸಲ ಓದಿದರು.

"ಮಗು ಇದೆಯೋ ಇಲ್ವೋ ನಾನು ಹೇಳೋ ಹಾಗಿಲ್ಲ."

"ನನಗೆ ಹೇಳೋದು ಬೇಡ ಮೇಡಂ. ಅವರಿಗೆ ಹೇಳಿದ್ರೆ ಸಾಕು."

"ಮೇಲಿನವರು ಒಪ್ಪಿದ್ರೆ ಕಳಿಸ್ತೀವಿ. ಕಳಿಸಿದ್ವಾ ಇಲ್ವಾ ಅಂತ ಮಾತ್ರ ತಿಂಗಳೊಪ್ಪತ್ತಲ್ಲಿ ನಿಮಗೆ ಫೋನ್ ಮಾಡ್ತೀವಿ."

"ಫೋನಲ್ಲಿ ನನಗೆ ಕೇಳಲ್ಲ. ಒಂದು ಸಾಲು ಬರೆದು ಕಳಿಸ್ತೀರಾ?"

"ಬರಹದಲ್ಲಿ ಏನೂ ಹೊರಗೆ ಹೋಗೋ ಹಾಗಿಲ್ಲಮ್ಮ, ಅದು ಇಲ್ಲಿನ ನಿಯಮ. ಮನೇಲಿ ನಿಮ್ಮೋರು ಯಾರಾದ್ರೂ ಇರ್ತಾರಲ್ಲ, ಅವರ ಕೈಗೆ ಕೊಡಿ."

ನಿಮ್ಮೋರು ಯಾರಾದ್ರೂ! ಆ ಮಾತನ್ನು ಹೊತ್ತುಕೊಂಡು ಬಸ್ಸಿನಲ್ಲಿ ಬಂದಳು. ಅಣ್ಣನಿಗೆ ಕೊಡುವುದೇ? ಗಂಡಸಿನ ಮುಂದೆ ಹೇಗೆ ಹೇಳುವುದು. ಅತ್ತಿಗೆಗೆ? ಬೇಡವೇ ಬೇಡ. ಅಪ್ಪನಿಗೆ ಕೊಟ್ಟು ಪ್ರಯೋಜನವಿಲ್ಲ. ನನ್ನ ಹೆಸರು ಮನಸ್ಸಿಗೆ ಬಂತಂತೆ, ಮೆಟ್ಟಿಲು ಹತ್ತಿಹೋದ ನನ್ನ ಬೆನ್ನೂ ಜೊತೆಗೇ ಬಂತಂತೆ. ಅಪ್ಪನ ಡಬ್ಬಿಯಲ್ಲಿದ್ದ ಯಂತ್ರವನ್ನು ತೆಗೆದು ತಾನೇ ಹಾಕಿಕೊಂಡು ನೋಡಿದಳು. ಅಂಡಾಣು ಕೊಟ್ಟು ತಂದ ಯಂತ್ರ. ಸದ್ದೇನೋ ಬಂತು, ಆದರೆ ಮಾತು ಬಿಡಿಸಿಕೊಳ್ಳಲಿಲ್ಲ. ಫೋನನ್ನು ರವಿಕೆಯೊಳಗೆ 'ಗುರ್' ಎನ್ನುವ ಹಾಗಿಟ್ಟುಕೊಂಡು ತಿರುಗಿದಳು. ಒಂದು ತಿಂಗಳು ಹೋಯಿತು, ಎರಡನೆಯದೂ ಮುಗಿಯುತ್ತ ಬಂತು. ಯಾರ ಕೈಗೆ ಕೊಡಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ.

ಫೋನು ಬಂದದ್ದು ಗ್ರಂಥಾಲಯಕ್ಕೆ ವಾರದ ರಜೆ ಇದ್ದ ದಿನ, ಬೆಳಗ್ಗೆ ಹನ್ನೊಂದರ ಹೊತ್ತಿಗೆ. ಅಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಹುರುಳಿಕಾಯಿ ನಾರು ಬಿಡಿಸುತ್ತಿದ್ದರು. ಅತ್ತಿಗೆ ಪಕ್ಕದ ಕೋಣೆಯಲ್ಲಿ ಮಕ್ಕಳ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು, ನಡುವೆ ಬಾಗಿಲಿಲ್ಲ, ಬರೀ ಪರದೆ. ಗೋಂದಮ್ಮ ಫೋನೆತ್ತಿದಳು. ನಲ್ಲಿಯಲ್ಲಿ ಗಾಳಿ ಬಂದ ಹಾಗೆ ಒಂದು ಗೊರಗೊರ, ಅಷ್ಟೇ. "ಒಂದು ನಿಮಿಷ ಮೇಡಂ, ಇಡಬೇಡಿ" ಎಂದಳು. ನಿಂತಲ್ಲೇ ಸುತ್ತ ನೋಡಿದಳು. ಅಮ್ಮ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದರು.

ಅವಳು ಅಮ್ಮನೆದುರು ಕುಕ್ಕರಗಾಲಿನಲ್ಲಿ ಕೂತಳು. ಫೋನನ್ನು ಎದೆಗೆ ಒತ್ತಿಕೊಂಡು, ದನಿಯಿಲ್ಲದೆ, ಮಿಲ್ಲಿನ ಮಾತಿನಲ್ಲಿ ಬಾಯಿ ಅಗಲಿಸಿ ಹೇಳಿದಳು. ಒಂಬತ್ತು ವರ್ಷದ ಹಿಂದೆ. ನಾನು. ನನ್ನ ಅಂಡಾಣು. ಯಾರಿಗೋ ಮಗು ಆಗಲಿ ಅಂತ ಕೊಟ್ಟೆ. ಮಗು ಇದೆಯೋ ಇಲ್ಲವೋ ಗೊತ್ತಿಲ್ಲ. ಕಿವಿಯ ವಿಷಯ ಅವರಿಗೆ ತಿಳಿಸಿ ಅಂತ ಬರೆದಿದ್ದೆ. ಏನಂತಾರೆ ಕೇಳು.

ಒಂಬತ್ತು ವರ್ಷ ಹೊತ್ತಿದ್ದನ್ನು ಹೇಳಲು ಅರ್ಧ ನಿಮಿಷ ಸಾಕಾಯಿತು. ಅಮ್ಮನ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ಉಳಿಯಿತು. ಅವರ ಮುಖ ನೋಡಲಾರದೆ ಅವಳು ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿದರೆ ಅವಳ ಪಾಲಿಗೆ ಮಾತೂ ಮುಚ್ಚಿದ ಹಾಗೆ. ಯಾರೋ ಕೈಯಿಂದ ಫೋನು ತೆಗೆದುಕೊಂಡರು.

ಕಣ್ಣು ಬಿಟ್ಟಾಗ ಅಮ್ಮ ಫೋನು ಕಿವಿಗಿಟ್ಟುಕೊಂಡಿದ್ದರು. "ಹೇಳಿ. ನಾನು ಅವಳ ಅಮ್ಮ" ಅನ್ನುವುದು ತುಟಿಯಲ್ಲಿ ಕಂಡಿತು. ಆಮೇಲೆ ತುಂಬ ಹೊತ್ತು ಅವರ ತುಟಿ ಅಲುಗಲಿಲ್ಲ. ಅವರು ಕೇಳುತ್ತಿದ್ದರು. ಕೊನೆಗೆ "ಹೂಂ" ಅಂದರು. ಆಮೇಲೆ "ನಿಮಗೆ ಪುಣ್ಯ ಬರಲಿ ತಾಯಿ" ಅಂದರು. ಫೋನು ಕೆಳಗಿಟ್ಟರು.

ಪರದೆಯಾಚೆಯಿಂದ ಅತ್ತಿಗೆ ಏನೋ ಕೇಳಿರಬೇಕು. ಅಮ್ಮ ಆ ಕಡೆ ಮುಖ ಮಾಡಿ, "ಏನಿಲ್ಲಮ್ಮ, ಯಾವುದೋ ಆಸ್ಪತ್ರೆಯವರು, ಕಿವಿ ವಿಷಯಕ್ಕೆ" ಎಂದರು. ಆಮೇಲೆ ಮಗಳ ಕಡೆ ತಿರುಗಿ, ಮೂವತ್ತು ವರ್ಷದ ಹಿಂದೆ ಮಗ್ಗದೆದುರು ನಿಂತು ಮಾತಾಡುತ್ತಿದ್ದ ಹಾಗೆ ದನಿಯಿಲ್ಲದೆ ಹೇಳತೊಡಗಿದರು. ಬೆರಳೆರಡು ಕೂಡಿಸಿ ಎಳೆದರು. ಕಾಗದ ತಲುಪಿದೆ. ಡಾಕ್ಟರಿಗೆ ಕಿವಿ ತೋರಿಸಿದ್ದಾರೆ. ತಮ್ಮ ಕಿವಿ ಮುಟ್ಟಿಕೊಂಡು, ತಲೆ ಅಡ್ಡಡ್ಡ ಆಡಿಸಿದರು. ಸರಿಯಾಗಿ ಕೇಳುತ್ತಿರಲಿಲ್ಲವಂತೆ. ಆ ಮೇಡಂ ಇದನ್ನೆಲ್ಲ ಹೇಳುವ ಹಾಗಿಲ್ಲವಂತೆ. ಆದರೂ ಒಂದು ಮಾತು ಹೇಳುತ್ತೇನೆ, ಅವಳಿಗೆ ತಿಳಿಸಿ ಎಂದರಂತೆ.

"ಮೊದಲನೇ ಬೆಂಚಿಗೆ ಕೂರಿಸಿದ್ದಾರಂತೆ."

ಗೋಂದಮ್ಮ ನೆಲದ ಮೇಲೆ ಕೂತೇಬಿಟ್ಟಳು. ಇದ್ದರೆ ಇದೆ. ಇವಳು ಕೊಟ್ಟದ್ದರ ಜೊತೆ ಕಿವಿಯೂ ಹೋಗಿದೆ, ಅದಕ್ಕೆ ಅವಳು ಅತ್ತಳು. ಕಾಗದವೂ ಹೋಗಿ ಮುಟ್ಟಿದೆ, ಅದಕ್ಕೂ ಅತ್ತಳು. ಅಮ್ಮ ಹತ್ತಿರ ಸರಿದು ಅವಳ ಗದ್ದ ಹಿಡಿದು ಮುಖ ಎತ್ತಿದರು, ತಮ್ಮ ಬಾಯಿ ಕಾಣಲಿ ಎಂದು.

"ಗೋಡೆಯಾಚೆ ಪಿಸುಗುಟ್ಟಿದ್ದೆಲ್ಲ ಕೇಳೋ ಕಿವಿ ಅಂತಾರೆ ನನ್ನದು. ಪಕ್ಕದಲ್ಲೇ ಮಲಗಿದ್ದ ನಿನ್ನದು ಕೇಳಿಸಲಿಲ್ಲ ನೋಡು."

ಅದಕ್ಕಿಂತ ಹೆಚ್ಚು ಅಮ್ಮ ಏನೂ ಅನ್ನಲಿಲ್ಲವಂತೆ, ಆ ದಿನವೂ, ಆಮೇಲೂ. ಗೋಂದಮ್ಮ ಕಣ್ಣೊರೆಸಿಕೊಂಡು, "ಏನಂದ್ರು, ಇನ್ನೊಂದ್ಸಲ ಹೇಳು" ಎಂದು ಬಾಯಾಡಿಸಿದಳು. ಅಮ್ಮ ಹೇಳಿದರು, ಮೊದಲನೇ ಬೆಂಚಿಗೆ ಕೂರಿಸಿದ್ದಾರಂತೆ. "ಇನ್ನೊಂದ್ಸಲ" ಅಂದಳು. ಅಮ್ಮ ಮೂರನೆಯ ಸಲವೂ, ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ತಿದ್ದಿ ಹೇಳಿದರು. ಮೊದಲನೆಯ ಸಲವೇ ಅವಳಿಗೆ ಪೂರ್ತಿ ತಿಳಿದಿತ್ತು.